ಕೆಂಪು ರಿಬ್ಬನ್ನಿನ ಹಿಟ್ಟು

ಇದೆಲ್ಲ ಶುರುವಾದದ್ದು ಹಿಟ್ಟಿನಿಂದ ಎಂದು ನಮ್ಮ ಕಟ್ಟಡದಲ್ಲಿ ಎಲ್ಲರೂ ಹೇಳುತ್ತಾರೆ. ಅದು ತಪ್ಪು. ಶುರುವಾದದ್ದು ಭಾಷಣದಿಂದ.

ನಿವಾಸಿಗಳ ಸಭೆಯಲ್ಲಿ ಒಮ್ಮೆ ಕರೆಂಟ್ ಬಿಲ್ಲಿನ ಮಾತು ಬಂದಿತ್ತು. ಅಪ್ಪ ಎದ್ದು ನಿಂತರು, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು, ಯಾರೂ ಕೇಳದಿದ್ದರೂ ದೊಡ್ಡ ಫ್ರಿಜ್ಜುಗಳ ವಿರುದ್ಧ ಮಾತಾಡತೊಡಗಿದರು.

"ದೊಡ್ಡ ಫ್ರಿಜ್ ಇಟ್ಕೊಂಡೋರಿಗೆ ಇವತ್ತು ಏನು ತಿನ್ನಬೇಕು ಅನ್ನೋದೇ ಗೊತ್ತಿರಲ್ಲ. ಅದಕ್ಕೇ ಎಲ್ಲ ಕೂಡಿಡ್ತಾರೆ. ನಮ್ಮನೆ ಫ್ರಿಜ್ ಬಂದು ನೋಡಿ, ನನ್ನ ಸೊಂಟಕ್ಕೆ ಬರುತ್ತೆ ಅಷ್ಟೆ. ಬದುಕೋದು ಗೊತ್ತಿದ್ದೋರಿಗೆ ಅಷ್ಟು ಸಾಕು."

ಸಣ್ಣ ಫ್ರಿಜ್ಜಿನವರು ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಮರೆತರು. ದೊಡ್ಡ ಫ್ರಿಜ್ಜಿನವರು ಚಪ್ಪಾಳೆ ತಟ್ಟಲಿಲ್ಲ, ಮರೆಯಲೂ ಇಲ್ಲ. ನಮ್ಮ ಫ್ರಿಜ್ಜಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅದಕ್ಕೊಂದು ಸ್ಟೂಲು ಒತ್ತುಕೊಟ್ಟು ನಿಲ್ಲಿಸಬೇಕು ಎಂಬ ವಿಷಯ ಮಾತ್ರ ಭಾಷಣದಲ್ಲಿ ಬರಲಿಲ್ಲ. ಒಳ್ಳೆಯ ಭಾಷಣದಲ್ಲಿ ಎಲ್ಲವನ್ನೂ ಹೇಳಲಾಗುವುದಿಲ್ಲ.

ಆಮೇಲೆ ಬಂತು ದೊಡ್ಡತ್ತೆಯ ಫೋನು.

ದೊಡ್ಡತ್ತೆ ಅಪ್ಪನ ಅಕ್ಕ. ನಮ್ಮ ಕುಟುಂಬದ ಕ್ರಿಸ್‌ಮಸ್ ಬಿಸ್ಕತ್ತು ಎಂದರೆ ದೊಡ್ಡತ್ತೆಯ ಬಿಸ್ಕತ್ತೇ. ಬೆಣ್ಣೆ, ಕಾಕಂಬಿ, ಚಕ್ಕೆ, ಲವಂಗ, ಏಲಕ್ಕಿ, ಒಣಶುಂಠಿ, ಜಾಯಿಕಾಯಿ ಹಾಕಿ ಕಲಸಿದ ಕಂದು ಹಿಟ್ಟು. ಅದರ ಮೇಲೆ ಒತ್ತುವುದಕ್ಕೆ ಒಂದು ಮರದ ಅಚ್ಚು, ಅಜ್ಜಿಯ ಕಾಲದ್ದು. ಅಚ್ಚಿನಲ್ಲಿ ಒಂದು ಹಕ್ಕಿ. ಯಾರೋ ಯಾವಾಗಲೋ ಬೀಳಿಸಿ ಅದರ ಒಂದು ರೆಕ್ಕೆ ಅರ್ಧಕ್ಕೆ ಮುರಿದಿದೆ. ಹಕ್ಕಿಗಳಿಗೆ ಒಂದೂವರೆ ರೆಕ್ಕೆ ಎಂದೇ ನಾನು ಶಾಲೆಗೆ ಸೇರುವವರೆಗೆ ನಂಬಿದ್ದೆ.

"ನನ್ನ ಭುಜ ಇನ್ನು ಲಟ್ಟಣಿಗೆ ಮಾತು ಕೇಳಲ್ಲ ಕಣೋ" ಎಂದರು ದೊಡ್ಡತ್ತೆ. ಅವರು ಫೋನಿನಲ್ಲಿ ಮಾತಾಡಿದರೆ ಅಡುಗೆಮನೆಯಲ್ಲಿದ್ದವರಿಗೂ ಕೇಳುತ್ತದೆ. "ಈ ಸಲ ಅಚ್ಚು ಯಾರ ಕೈಗಾದ್ರೂ ಕೊಡಬೇಕು. ನಿನ್ನ ತಮ್ಮನ ಹೆಂಡ್ತಿಗೆ ಕೊಡೋಣ ಅಂತಿದ್ದೀನಿ. ಅವಳ ಹತ್ರ ಹಿಟ್ಟು ನಾದೋ ಮಿಷನ್ ಇದೆ."

ಅಪ್ಪನ ಮುಖ ಕಪ್ಪಿಟ್ಟಿತು. "ಅಕ್ಕ, ಅಮ್ಮನ ಹಕ್ಕೀನ ಮಿಷನ್ ಇರೋ ಮನೆಗೆ ಕಳಿಸ್ತೀಯಾ? ನಾನು ಬದುಕಿಲ್ವಾ?"

"ಬದುಕಿದ್ದೀಯ, ಆದ್ರೆ ಹಿಟ್ಟು ಕಲಸಿದ್ದೀಯಾ ಯಾವತ್ತಾದ್ರೂ?"

"ಕಲಸ್ತೀನಿ."

"ಹಾಗಾದ್ರೆ ಕೇಳು. ಅಮ್ಮನ ಬೋಗುಣೀಲಿ ಒಂದು ಬೋಗುಣಿ ಹಿಟ್ಟು. ಇವತ್ತೇ ಕಲಸಿ ದಿಂಡು ಮಾಡಿ ತಣ್ಣಗಿರೋ ಕಡೆ ಇಡು. ಒಂದು ತಿಂಗಳು ಹಣ್ಣಾಗಬೇಕು, ಲವಂಗ ಶುಂಠಿ ಎಲ್ಲ ಜಗಳ ಬಿಟ್ಟು ಒಂದಾಗಬೇಕು. ಕ್ರಿಸ್‌ಮಸ್ ಹಿಂದಿನ ದಿನ ಬರ್ತೀನಿ, ಬೆರಳಿಟ್ಟು ನೋಡ್ತೀನಿ. ಹಣ್ಣಾದ ಹಿಟ್ಟು ಇದ್ರೆ ಅಚ್ಚು ನಿನ್ನದು. ಹಸಿ ಹಿಟ್ಟು ತೋರಿಸಿದ್ಯೋ, ಅದೇ ಬಸ್ಸಲ್ಲಿ ಅಚ್ಚು ನಿನ್ನ ತಮ್ಮನ ಮನೆಗೆ."

ಅಪ್ಪ ಫೋನಿಟ್ಟು ಅಟ್ಟ ಹತ್ತಿದರು. ಅಟ್ಟದಲ್ಲಿ ಅಜ್ಜಿಯ ಬೋಗುಣಿಗಳು ಒಂದರೊಳಗೊಂದು ಕೂತಿದ್ದವು. ಅಪ್ಪ ಎಲ್ಲಕ್ಕಿಂತ ಹೊರಗಿನದನ್ನು ಎತ್ತಿಕೊಂಡರು. ಅದನ್ನು ಇಳಿಸಲು ನಾನೂ ಅಮ್ಮನೂ ಒಂದೊಂದು ಕಡೆ ಹಿಡಿಯಬೇಕಾಯಿತು.

"ರೀ, ಇದು ಹಿಟ್ಟು ಕಲಸೋ ಪಾತ್ರೆನಾ?" ಎಂದರು ಅಮ್ಮ.

"ಅಮ್ಮನ ಬೋಗುಣಿ ಅಂದಳು ಅಕ್ಕ. ಇದು ಅಮ್ಮನ ಬೋಗುಣಿ. ನಾನು ಯಾವ ವಿಭಾಗದಲ್ಲಿ ಕೆಲಸ ಮಾಡ್ತೀನಿ ಅನ್ನೋದು ನೆನಪಿರಲಿ."

ಅಪ್ಪ ಸರ್ವೆ ಕಚೇರಿಯ ಅಳತೆ ವಿಭಾಗದ ಮೇಲ್ವಿಚಾರಕರು. ಅಳತೆಯ ವಿಷಯದಲ್ಲಿ ಅವರೊಂದಿಗೆ ವಾದಿಸಿದವರು ಯಾರೂ ಗೆದ್ದಿಲ್ಲ. ಅಮ್ಮ ಬಟ್ಟೆ ಹೊಲಿಯುವವರು, ದಿನವೂ ಟೇಪು ಹಿಡಿಯುವವರು. ಆದರೂ ಅವರು ಬೋಗುಣಿಯ ಧೂಳು ಒರೆಸತೊಡಗಿದರು.

ಆ ಭಾನುವಾರ ನಮ್ಮ ಮನೆಯಲ್ಲಿ ಹಿಟ್ಟು ಕಲಸಲಾಯಿತು ಎನ್ನುವುದಕ್ಕಿಂತ, ಹಿಟ್ಟಿನೊಳಗೆ ಅಪ್ಪನನ್ನು ಕಲಸಲಾಯಿತು ಎನ್ನುವುದು ಸರಿ. ಮೊಣಕೈವರೆಗೆ ಕಾಕಂಬಿ, ಹುಬ್ಬಿನ ಮೇಲೆ ಶುಂಠಿಪುಡಿ. ಕುಟ್ಟಿದ ಲವಂಗದ ಘಾಟಿಗೆ ಮೂವರೂ ಸರದಿಯಲ್ಲಿ ಸೀನಿದೆವು. ಅಪ್ಪ ಸೀನುವಾಗಲೂ ಕೈ ಹೊರಗೆ ತೆಗೆಯಲಿಲ್ಲ. "ಹದ ತಪ್ಪುತ್ತೆ" ಎಂದರು. ಸಂಜೆಯ ಹೊತ್ತಿಗೆ ಊಟದ ಮೇಜಿನ ತುಂಬ ಬಟರ್ ಪೇಪರಿನಲ್ಲಿ ಸುತ್ತಿದ ದಿಂಡುಗಳು ಸಾಲಾಗಿ ಮಲಗಿದ್ದವು. ಒಂದೊಂದೂ ಅಪ್ಪನ ಮುಂಗೈ ದಪ್ಪ. ನಾವು ಅಡುಗೆಮನೆಯಲ್ಲಿ ನಿಂತು ಊಟ ಮಾಡಿದೆವು.

ಅಪ್ಪ ಫ್ರಿಜ್ಜಿನಿಂದ ಮೊದಲು ಹಾಲು ತೆಗೆದರು. ಆಮೇಲೆ ತರಕಾರಿ ತೆಗೆದರು. ಕೊನೆಗೆ ಅಡ್ಡ ತಟ್ಟೆಗಳನ್ನೇ ಕಳಚಿದರು. ಆದರೂ ಅರ್ಧ ದಿಂಡುಗಳು ಮೇಜಿನ ಮೇಲೆಯೇ ಉಳಿದವು. ಬಾಗಿಲಿಗೆ ಸ್ಟೂಲು ಸಾಲದೆ ಸ್ಟೂಲಿನ ಮೇಲೆ ಅಕ್ಕಿ ಡಬ್ಬ ಇಡಬೇಕಾಯಿತು.

"ಅಕ್ಕಪಕ್ಕದೋರನ್ನ ಕೇಳಿ. ಸ್ವಲ್ಪ ದಿನ ನಿಮ್ಮ ಫ್ರಿಜ್ಜಲ್ಲಿ ಜಾಗ ಕೊಡಿ ಅಂದ್ರೆ ಯಾರು ಬೇಡ ಅಂತಾರೆ?" ಎಂದರು ಅಮ್ಮ.

ಬನಿಯನ್ನಿನಲ್ಲಿ ಕಚೇರಿಗೆ ಹೋಗಿ ಎಂದವರನ್ನು ನೋಡುವ ಹಾಗೆ ಅಪ್ಪ ಅಮ್ಮನನ್ನು ನೋಡಿದರು. "ಸಭೇಲಿ ಅಷ್ಟು ಮಾತಾಡಿದ ಮೇಲೆ, ನಮ್ಮ ಫ್ರಿಜ್ಜಲ್ಲಿ ಜಾಗ ಇಲ್ಲ ಅಂತ ಈ ಬಾಯಲ್ಲಿ ಹೇಳಲಾ?"

ಹೇಳದೆ ಕೆಲಸ ಆಗಬೇಕು. ಹಾಗೆಂದು ಬರಿಯ ಪೇಪರಿನಲ್ಲಿ ಸುತ್ತಿ ಕೊಟ್ಟರೆ ಮಿಕ್ಕಿದ್ದನ್ನು ತಂದುಕೊಟ್ಟಂತೆ ಕಾಣುತ್ತದೆ. ಅಪ್ಪ ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ಕೆಂಪು ರಿಬ್ಬನ್ ತೆಗೆದು ಹೊರಗುಳಿದ ಪ್ರತಿ ದಿಂಡಿಗೂ ಚಿಟ್ಟೆಯ ಆಕಾರದ ಗಂಟು ಹಾಕಿದರು. "ಈಗ ನೋಡಿ, ಎಂಥ ಘನತೆ" ಎಂದರು. ಘನತೆ ನಿಜವಾಗಿಯೂ ಇತ್ತು. ಮುಂದಿನ ಅನಾಹುತಕ್ಕೆಲ್ಲ ಆ ಘನತೆಯೇ ಕಾರಣ.

ಮೊದಲು ಹೋದದ್ದು ನಮ್ಮ ಮಹಡಿಯಲ್ಲೇ ಇರುವ ಹಲ್ಲಿನ ಡಾಕ್ಟರಮ್ಮನ ಮನೆಗೆ. ದಿಂಡುಗಳ ತಟ್ಟೆ ಹಿಡಿದು ನಾನು ಅಪ್ಪನ ಬೆನ್ನ ಹಿಂದೆ ನಿಂತಿದ್ದೆ.

"ಡಾಕ್ಟ್ರೇ, ಇದು ನಮ್ಮ ಮನೆತನದ ಕ್ರಿಸ್‌ಮಸ್ ಹಿಟ್ಟು. ತಣ್ಣಗಿರೋ ಕಡೆ ಇಡಿ. ನಾನು ಬಂದು ವಿಚಾರಿಸ್ತೀನಿ."

ಡಾಕ್ಟರಮ್ಮ ದಿಂಡನ್ನು ನೋಡಿದರು, ರಿಬ್ಬನ್ ನೋಡಿದರು, ಎರಡನ್ನೂ ಎದೆಗೊತ್ತಿಕೊಂಡರು. ಕಣ್ಣು ಒದ್ದೆಯಾಯಿತು. "ಹಲ್ಲಿನ ಡಾಕ್ಟರ್ ಮನೆಗೆ ಯಾರೂ ಸಿಹಿ ಕೊಡಲ್ಲ ಸಾರ್. ಬೈತಾರೆ ಅಂತ ಹೆದರ್ತಾರೆ. ಇಷ್ಟು ವರ್ಷದಲ್ಲಿ ನೀವೇ ಮೊದಲು."

ಅಪ್ಪನ ಕಿವಿಗೆ ಅದು ಬೀಳಲಿಲ್ಲ. ಅವರು ಡಾಕ್ಟರಮ್ಮನ ಹೆಗಲ ಮೇಲಿಂದ ಒಳಗಿನ ಎರಡು ಬಾಗಿಲಿನ ಫ್ರಿಜ್ಜನ್ನು ಗೌರವದಿಂದ ನೋಡುತ್ತಿದ್ದರು.

ಎದುರು ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರು. "ಬಂದು ವಿಚಾರಿಸ್ತೀರಾ? ಯಾವಾಗ?" ಎಂದು ಅವರು ಗಡಿಯಾರದ ಕಡೆ ನೋಡಿದರು.

"ಕ್ರಿಸ್‌ಮಸ್ ಹೊತ್ತಿಗೆ."

"ಅಷ್ಟರೊಳಗೆ ಆಗಿರುತ್ತೆ ಬಿಡಿ. ನಮ್ಮ ಕಡೆಯಿಂದ ತಡ ಇಲ್ಲ."

ಯಾವುದು ಆಗಿರುತ್ತದೆ ಎಂದು ಅಪ್ಪ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಒಂದು ದಿಂಡು ಅಪ್ಪನ ಜೊತೆ ಕಚೇರಿಗೂ ಹೋಯಿತು. ಸಾಹೇಬರ ಕೋಣೆಯಲ್ಲಿ ಒಂದು ಪುಟ್ಟ ಫ್ರಿಜ್ ಇದೆ, ಅದರಲ್ಲಿ ಅವರ ಕಣ್ಣಿನ ಹನಿ ಔಷಧಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಸಾಹೇಬರು ಊಟಕ್ಕೆ ಹೋದಾಗ ಅಪ್ಪ ದಿಂಡನ್ನು ಅಲ್ಲಿಟ್ಟು ಬಂದರು. ಈ ಸಾಹೇಬರು ಎಂಥ ಪ್ರಾಮಾಣಿಕರೆಂದರೆ, ಕಚೇರಿಯ ನಲ್ಲಿ ನೀರನ್ನೂ ಕುಡಿಯದೆ ಮನೆಯಿಂದ ಬಾಟಲಿ ತರುವವರು. ಅಪ್ಪನ ಬಡ್ತಿಯ ಕಡತ ಆ ವಾರವೇ ಅವರ ಮೇಜಿಗೆ ಬಂದಿತ್ತು. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದೆ ಎಂದೇ ಸಾಹೇಬರು ತಿಳಿದರು.

ಕರೆಸಿ ಕೇಳಿದರಂತೆ. "ಆ ಫ್ರಿಜ್ಜಲ್ಲಿರೋದು ನಿಮ್ಮದಾ?"

"ಹೌದು ಸಾರ್. ಸ್ವಲ್ಪ ದಿನ ಇರಲಿ ಸಾರ್. ತಡ ಆದಷ್ಟೂ ಫಲ ಚೆನ್ನಾಗಿರುತ್ತೆ."

"ಯಾವ ಫಲ?"

"ಅಕ್ಕ ಬಂದ ಮೇಲೆ ತೀರ್ಮಾನ ಆಗುತ್ತೆ ಸಾರ್. ಎಲ್ಲ ಅವಳ ಕೈಯಲ್ಲಿದೆ."

ಸಾಹೇಬರು ಬಹಳ ಹೊತ್ತು ಅಪ್ಪನನ್ನೇ ನೋಡಿದರಂತೆ. ಕಚೇರಿಯ ಮೇಲಿನ ಹುದ್ದೆಯಲ್ಲಿರುವ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಪರೀಕ್ಷಿಸುತ್ತಿದ್ದಿರಬೇಕು, ಇವರಲ್ಲಿ ಈ ಮನುಷ್ಯನ ಅಕ್ಕ ಯಾರು ಎಂದು. ಕೊನೆಗೆ "ನೀವು ಹೋಗಬಹುದು" ಎಂದರು.

ಅಪ್ಪ ಮನೆಗೆ ಬಂದು ಶೂ ಬಿಚ್ಚುತ್ತ ಹೇಳಿದರು, "ಸಾಹೇಬರಿಗೆ ತುಂಬ ಹಿಡಿಸಿದೆ. ಮಾತೇ ಹೊರಡಲಿಲ್ಲ ಪಾಪ."

ಕೆಲವು ದಿನಗಳ ಮೇಲೆ ಮೂರನೇ ಮಹಡಿಯವರ ನಿಯೋಗವೊಂದು ನಮ್ಮ ಬಾಗಿಲಿಗೆ ಬಂತು. ಮುಂದಾಳು ಕಟ್ಟಡದ ಕಾರ್ಯದರ್ಶಿ. ದೊಡ್ಡ ಫ್ರಿಜ್ಜಿನ ಪಕ್ಷದವರು, ಭಾಷಣವನ್ನು ಮರೆಯದವರು.

"ಏನು ಸಾರ್, ನಿಮ್ಮ ಹಿಟ್ಟು ಎರಡನೇ ಮಹಡಿಗೆ ಮಾತ್ರನಾ? ನಾವು ಮನುಷ್ಯರಲ್ವಾ? ನಮ್ಮನೇಲಿ ಫ್ರಿಜ್ ಇಲ್ವಾ?"

ಅಪ್ಪ ಒಳಗೆ ಓಡಿಬಂದರು. ಮುಖ ಅರಳಿತ್ತು. "ನೋಡಿದ್ಯೇನೇ? ಜಾಗ ತಾನಾಗೇ ಬಾಗಿಲಿಗೆ ಬಂದಿದೆ. ಜನ ಎಷ್ಟು ಒಳ್ಳೆಯೋರು. ನಾನೇ ಸುಮ್ನೆ ಸಂಕೋಚಪಟ್ಟೆ."

ಅಮ್ಮ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕಿ ಡಬ್ಬ ಇಳಿದಿತ್ತು, ಸ್ಟೂಲು ಸರಿದಿತ್ತು, ನಮ್ಮ ಫ್ರಿಜ್ಜಿನ ದಿಂಡುಗಳೆಲ್ಲ ರಿಬ್ಬನ್ ಕಟ್ಟಿಸಿಕೊಂಡು ಮೂರನೇ ಮಹಡಿ ಹತ್ತಿದ್ದವು. "ತಣ್ಣಗಿರೋ ಕಡೆ ಇಡಿ. ನಾನು ಬಂದು ವಿಚಾರಿಸ್ತೀನಿ." ಹೋದವರೆಲ್ಲ ಮೆಟ್ಟಿಲ ಮೇಲೆ ನಿಂತು ಅಪ್ಪನನ್ನು ಹೊಗಳಿದರು. ಸ್ವತಃ ಕಾರ್ಯದರ್ಶಿಗಳೇ, "ಭಾಷಣ ಹೇಗೇ ಇರಲಿ, ಮನುಷ್ಯ ಬಂಗಾರ" ಎಂದರು. ಅಪ್ಪ ಖಾಲಿ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯೊಂದನ್ನೇ ಇಟ್ಟು, ಬಾಗಿಲು ತೆರೆದು ಮುಚ್ಚಿ ನೋಡಿ ಸಂತೋಷಪಟ್ಟರು.

ಕ್ರಿಸ್‌ಮಸ್ ಹತ್ತಿರವಾದಂತೆ ಮೆಟ್ಟಿಲುಗಳಲ್ಲಿ ಒಂದು ಪರಿಮಳ ಇಳಿಯತೊಡಗಿತು. ಚಕ್ಕೆ, ಲವಂಗ, ಬೆಣ್ಣೆ.

ಅಪ್ಪ ಮೂಗು ಎತ್ತಿ ನಿಂತರು. "ನೋಡ್ರೇ, ಹಿಟ್ಟು ಹೇಗೆ ಹಣ್ಣಾಗ್ತಿದೆ. ಅವರ ಫ್ರಿಜ್ಜಿನ ಬಾಗಿಲು ದಾಟಿ ಬರ್ತಿದೆ ವಾಸನೆ."

"ಫ್ರಿಜ್ಜಲ್ಲಿರೋ ಹಿಟ್ಟು ಬಿಸಿ ಬಿಸಿ ವಾಸನೆ ಬರಲ್ಲ ರೀ" ಎಂದರು ಅಮ್ಮ, ಸೂಜಿಯಿಂದ ಕಣ್ಣೆತ್ತದೆ.

ಕರೆಗಂಟೆ ಸದ್ದಾಯಿತು. ಡಾಕ್ಟರಮ್ಮ, ಕೈಯಲ್ಲಿ ಮುಚ್ಚಿದ ತಟ್ಟೆ. "ನೀವು ಕೊಟ್ಟ ಹಿಟ್ಟಿಂದ ಮಾಡಿದ್ದು ಸಾರ್. ನಮ್ಮಲ್ಲಿಗೆ ಬರೋ ಹಲ್ಲಿಲ್ಲದ ಅಜ್ಜಿಯರೂ ತಿಂದರು. ನಿಮ್ಮ ಪಾಲು ತಂದಿದ್ದೀನಿ."

ಅಪ್ಪ ತಟ್ಟೆ ತೆಗೆದುಕೊಂಡರು. ಮುಖ ನಿಧಾನವಾಗಿ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಡಾಕ್ಟರಮ್ಮನ ಹಿಂದೆಯೇ ಸ್ಟೇಷನ್ ಮಾಸ್ಟರು ಬಂದರು, "ಹೇಳಿದ್ದೆನಲ್ಲ, ಸಮಯಕ್ಕೆ ಮೊದಲೇ" ಎನ್ನುತ್ತ. ಅವರ ಹಿಂದೆ ಮೂರನೇ ಮಹಡಿ ಪೂರ್ತಿ. ಕತ್ತಲಾಗುವಷ್ಟರಲ್ಲಿ ನಮ್ಮ ಊಟದ ಮೇಜು ಮತ್ತೆ ತುಂಬಿತ್ತು. ಈ ಸಲವೂ ನಾವು ಅಡುಗೆಮನೆಯಲ್ಲಿ ನಿಂತು ಊಟ ಮಾಡಿದೆವು.

"ಈಗಲಾದ್ರೂ ನಿಜ ಹೇಳಿಬಿಡಿ" ಎಂದರು ಅಮ್ಮ.

"ಹೇಳಿದ್ರೆ ಬೆಂದ ಬಿಸ್ಕತ್ತು ವಾಪಸ್ ಹಿಟ್ಟಾಗುತ್ತಾ? ಸುಮ್ನಿರು. ಇನ್ನೂ ಒಂದಿದೆ, ಸಾಹೇಬರ ಹತ್ರ."

ಮಾರನೆಯ ದಿನ ಸಾಹೇಬರ ಕೋಣೆಗೆ ಹೋದರೆ ಪುಟ್ಟ ಫ್ರಿಜ್ಜಿಗೆ ಹೊಸ ಬೀಗ ಬಿದ್ದಿತ್ತು.

"ಸಾರ್, ಆ ಪೊಟ್ಟಣ..."

"ಅದು ಸೇರಬೇಕಾದ ಕಡೆ ಸೇರುತ್ತೆ. ಅದರ ವಿಷಯ ಮತ್ತೆ ಎತ್ತಬೇಡಿ."

ಒಂದು ಬಿಸ್ಕತ್ತಿನ ಹಿಟ್ಟು ಸೇರಬೇಕಾದ ಕಡೆ ಎಂದರೆ ಹೊಟ್ಟೆಯೇ ಅಲ್ಲವೇ? ಅಪ್ಪ ಮನೆಗೆ ಬಂದು ಮತ್ತೆ ಅಟ್ಟ ಹತ್ತಿದರು. ಈ ಸಲ ಒಂದೇ ಒಂದು ದಿಂಡಿನಷ್ಟು ಹಿಟ್ಟು ಕಲಸಿದರು. ಆ ದೊಡ್ಡ ಬೋಗುಣಿಯ ತಳದಲ್ಲಿ ಅದು ದಾರಿ ತಪ್ಪಿದ ಹಾಗೆ ಕಾಣುತ್ತಿತ್ತು.

ಹೇಳಿದ ದಿನವೇ ದೊಡ್ಡತ್ತೆ ಬಂದರು. ಬ್ಯಾಗನ್ನು ನನ್ನ ಕೈಗೆ ಕೊಟ್ಟರು, ಹಳೆಯ ಟವಲಿನಲ್ಲಿ ಸುತ್ತಿದ ಅಚ್ಚನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಒಳಗೆ ಬಂದವರ ಕಣ್ಣು ಮೊದಲು ಬಿದ್ದದ್ದು ಅಡುಗೆಮನೆಯ ಮೂಲೆಯ ಬೋಗುಣಿಯ ಮೇಲೆ.

"ಇದರಲ್ಲಿ ಕಲಸಿದ್ಯಾ?"

"ಅಮ್ಮನ ಬೋಗುಣಿ ಅಂದ್ಯಲ್ಲ ಅಕ್ಕ."

"ಇದರಲ್ಲಿ ನಿನಗೆ ನಾನು ಸ್ನಾನ ಮಾಡಿಸ್ತಿದ್ದೆ ಕಣೋ."

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಬಾಲ್ಕನಿಗೆ ಹೋದರು.

ಅಪ್ಪ ದಿಂಡು ತಂದಿಟ್ಟರು. ದೊಡ್ಡತ್ತೆ ಪೇಪರ್ ಬಿಡಿಸಿ ಬೆರಳೊತ್ತಿದರು. ಹಿಟ್ಟು ಬೆರಳಿಗೆ ಅಂಟಿಕೊಂಡು ಬಂತು. ಮೂಸಿದರು. "ಲವಂಗ ಒಂದು ಕಡೆ, ಶುಂಠಿ ಒಂದು ಕಡೆ. ಇದು ನಿನ್ನೆ ಮೊನ್ನೆಯದು" ಎಂದರು. ಗದರಿಸಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ದೊಡ್ಡತ್ತೆ ಬೇಸರದಿಂದ ಹೇಳಿದರು. "ಒಂದು ತಿಂಗಳ ಮೊದಲೇ ಫೋನ್ ಮಾಡಿದ್ದೆ. ವಾಪಸ್ ಬಸ್ಸು ಎಷ್ಟು ಹೊತ್ತಿಗಿದೆ?"

ಬಸ್ಸಿನ ವೇಳೆ ಕೇಳಿದ್ದು ತೆರೆದ ಬಾಗಿಲಿನಾಚೆ ಇದ್ದ ಸ್ಟೇಷನ್ ಮಾಸ್ಟರಿಗೆ ಕೇಳಿಸಿತು. ಯಾವುದೇ ವಾಹನದ ವೇಳೆ ಕೇಳಿದರೂ ಅವರು ಬಾರದೆ ಇರುವವರಲ್ಲ. ಜೊತೆಗೆ ಡಾಕ್ಟರಮ್ಮನೂ ಬಂದರು, ಕಾರ್ಯದರ್ಶಿಯೂ ಬಂದರು.

"ಇವರೇನಾ ನಿಮ್ಮಕ್ಕ?" ಎಂದರು ಸ್ಟೇಷನ್ ಮಾಸ್ಟರು. "ನಿಮ್ಮ ತಮ್ಮನಂಥೋರು ಸಿಗಲ್ಲಮ್ಮ. ರಿಬ್ಬನ್ ಕಟ್ಟಿ ಮನೆ ಮನೆಗೆ ಹಿಟ್ಟು ಕೊಟ್ರು. ಅದೂ ಎಂಥ ವಿನಯ ಅಂತೀರಿ, ಕೊಡ್ತಿದ್ದೀನಿ ಅಂತ ಒಂದು ಮಾತಿಲ್ಲ. 'ತಣ್ಣಗಿರೋ ಕಡೆ ಇಡಿ, ನಾನು ಬಂದು ವಿಚಾರಿಸ್ತೀನಿ' ಅಷ್ಟೆ."

ದೊಡ್ಡತ್ತೆ ಅಪ್ಪನ ಕಡೆ ತಿರುಗಿದರು. ಮೂಲೆಯ ಬೋಗುಣಿ ನೋಡಿದರು, ಬಾಗಿಲಿಗೆ ಸ್ಟೂಲು ಒತ್ತುಕೊಟ್ಟ ಫ್ರಿಜ್ಜು ನೋಡಿದರು. "ಏನೋ ಇದು? ಹಿಟ್ಟು ಇವರಿಗೆ ಕೊಟ್ಟಿದ್ದಾ? ಇಡೋಕೆ ಅಂತ ಇಟ್ಟಿದ್ದಾ?"

ಡಾಕ್ಟರಮ್ಮನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. "ಅಂದ್ರೆ... ನಮಗೆ ಅಂತ ಕೊಟ್ಟಿದ್ದಲ್ವಾ ಸಾರ್?"

ಟವಲಿನ ಮೂಲೆಯಿಂದ ಹಕ್ಕಿಯ ಮುರಿದ ರೆಕ್ಕೆ ಕಾಣುತ್ತಿತ್ತು. ಅಪ್ಪ ಅದನ್ನು ನೋಡಿದರು, ಡಾಕ್ಟರಮ್ಮನನ್ನು ನೋಡಿದರು. ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು.

"ಕೊಟ್ಟಿದ್ದೇ ಡಾಕ್ಟ್ರೇ. ನಾನೇ ಕೊಟ್ಟಿದ್ದು. ಅಕ್ಕ, ಹಣ್ಣಾದ ಹಿಟ್ಟೆಲ್ಲ ಹಂಚಿಬಿಟ್ಟೆ. ಅಚ್ಚು ತಮ್ಮನ ಮನೆಗೇ ಹೋಗಲಿ."

ಅವರ ಎರಡೂ ಕಿವಿ ಕೆಂಪಾಗಿದ್ದವು. ಅಪ್ಪ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ ಎಂದು ಮನೆಯವರಿಗೆಲ್ಲ ಗೊತ್ತು. ಬೋಗುಣಿಯಲ್ಲಿ ಸ್ನಾನ ಮಾಡಿಸಿದವರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. ದೊಡ್ಡತ್ತೆ ಆ ಕಿವಿಗಳನ್ನೇ ನೋಡಿದರು.

ಆಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಸಾಹೇಬರು. ಹಿಂದೆ ಕಚೇರಿಯ ಕಾವಲುಗಾರ, ಎರಡೂ ಕೈಯಲ್ಲಿ ಒಂದು ಟ್ರೇ. ಟ್ರೇಯಲ್ಲಿ ದಿಂಡು. ರಿಬ್ಬನ್ನಿನ ಗಂಟು ಬಿಚ್ಚಿರಲಿಲ್ಲ. ಅದರ ಮೇಲೆ ಅರಗಿನ ಮುದ್ರೆ ಬೇರೆ.

"ಇಷ್ಟು ಜನ ಸಾಕ್ಷಿಗಳಿರೋದು ಒಳ್ಳೇದಾಯ್ತು" ಎಂದರು ಸಾಹೇಬರು. "ನಿಮ್ಮ ಬಡ್ತಿ ಇವತ್ತು ಬೆಳಿಗ್ಗೆ ಮಂಜೂರಾಯ್ತು. ನಿಮ್ಮ ಕೆಲಸ ನೋಡಿ ಆಯ್ತು, ಇದನ್ನ ನೋಡಿ ಅಲ್ಲ. ಇಟ್ಟ ದಿನದಿಂದ ನಾನಾಗಲಿ ಬೇರೆಯವರಾಗಲಿ ಇದನ್ನ ಮುಟ್ಟಿಲ್ಲ. ಸಾಕ್ಷಿ ಕೆಡಬಾರದು ಅಂತ ಬೀಗ ಹಾಕಿ ತಣ್ಣಗಿಟ್ಟಿದ್ದೆ. ತಗೊಳ್ಳಿ, ನಿಮ್ಮ ವಸ್ತು ನಿಮಗೆ. ಅಂದ ಹಾಗೆ, ನಿಮ್ಮ ಅಕ್ಕ ಯಾವ ಇಲಾಖೆ?"

"ನಾನೇ ಅವನ ಅಕ್ಕ" ಎಂದು ದೊಡ್ಡತ್ತೆ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅಡುಗೆ ಇಲಾಖೆ."

ಅಪ್ಪನನ್ನು ನಂಬಿದವರೆಲ್ಲ ಹಿಟ್ಟನ್ನು ತಿಂದು ಮುಗಿಸಿದ್ದರು. ನಂಬದ ಒಬ್ಬರೇ ಒಬ್ಬರು ಉಳಿಸಿದ್ದರು.

ದೊಡ್ಡತ್ತೆ ಮುದ್ರೆ ಒಡೆದು ಬೆರಳೊತ್ತಿದರು. ಬೆರಳು ಸ್ವಚ್ಛವಾಗಿ ಮೇಲೆ ಬಂತು, ಹಿಟ್ಟಿನಲ್ಲಿ ಗುಳಿ ಹಾಗೆಯೇ ನಿಂತಿತು. ಮೂಸಿದರು. ಮತ್ತೊಮ್ಮೆ ಮೂಸಿದರು. "ಲಟ್ಟಣಿಗೆ ಕೊಡೇ" ಎಂದು ಅಮ್ಮನಿಗೆ ಹೇಳಿದರು.

ಓವನ್ನಿನ ಗಾಜಿನ ಮುಂದೆ ಎರಡು ಮಹಡಿಯವರೂ ಒಂದು ಸರ್ವೆ ಕಚೇರಿಯೂ ಬಗ್ಗಿ ನಿಂತರು. ಹೊರಗೆ ಬಂದ ಹಕ್ಕಿಗಳಿಗೆಲ್ಲ ಒಂದೂವರೆ ರೆಕ್ಕೆ. ದೊಡ್ಡತ್ತೆ ಒಂದು ಹಕ್ಕಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಟಕ್ ಎಂದಿತು. ಬಾಗಿಲ ಹತ್ತಿರ ನಿಂತಿದ್ದ ನನಗೂ ಕೇಳಿಸಿತು. "ಸರಿ" ಎಂದರು. ಸಾಹೇಬರು ಒಂದೇ ಒಂದು ತಿಂದರು, ಅದೂ ಬಡ್ತಿಯ ಆದೇಶಕ್ಕೆ ಸಹಿ ಬಿದ್ದಾಗಿದೆ ಎಂದು ಎಲ್ಲರಿಗೂ ಮತ್ತೊಮ್ಮೆ ಹೇಳಿದ ಮೇಲೆ.

ಹಬ್ಬ ಮುಗಿಸಿ ಹೊರಡುವ ದಿನ ದೊಡ್ಡತ್ತೆ ಅಚ್ಚನ್ನು ಟವಲಿನಲ್ಲಿ ಸುತ್ತಿದರು. ಅಮ್ಮನ ಪೆಟ್ಟಿಗೆಯಲ್ಲಿ ಮಿಕ್ಕಿದ್ದ ಕೆಂಪು ರಿಬ್ಬನ್ ತೆಗೆದು ಅದಕ್ಕೊಂದು ಚಿಟ್ಟೆ ಗಂಟು ಹಾಕಿದರು. ಬಾಗಿಲಲ್ಲಿ ನಿಂತು ಅಪ್ಪನ ಕೈಗಿಟ್ಟರು.

"ತಣ್ಣಗಿರೋ ಕಡೆ ಇಡು. ನಾನು ಬಂದು ವಿಚಾರಿಸ್ತೀನಿ."

ಹಾಗೆಂದವರೇ ತಿರುಗಿ ನೋಡದೆ ಮೆಟ್ಟಿಲಿಳಿದು ಹೋದರು. ಅವರ ಭುಜ ಕುಲುಕುತ್ತಿತ್ತು, ನೋವಿಗೋ ನಗುವಿಗೋ ಮೇಲಿನಿಂದ ತಿಳಿಯಲಿಲ್ಲ.

ಅಂದಿನಿಂದ ಆ ಅಚ್ಚು ನಮ್ಮ ಫ್ರಿಜ್ಜಿನಲ್ಲೇ ಇದೆ, ರಿಬ್ಬನ್ ಸಮೇತ. ಅದರಿಂದಾಗಿ ಹಾಲಿನ ಪಾತ್ರೆ ಡಾಕ್ಟರಮ್ಮನ ಫ್ರಿಜ್ಜಿಗೆ ಹೋಗಿದೆ. ಅಕ್ಕ ಅಚ್ಚನ್ನು ಕೊಟ್ಟು ಹೋದದ್ದೋ ಇಟ್ಟು ಹೋದದ್ದೋ ಎಂದು ಫೋನ್ ಮಾಡಿ ಕೇಳಿಬಿಡಿ ಎಂದು ಅಮ್ಮ ಆಗಾಗ ಹೇಳುತ್ತಾರೆ. ಅಪ್ಪ ಶರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ, ಫೋನಿನ ತನಕ ಹೋಗುತ್ತಾರೆ, ಸ್ಟೂಲು ಸರಿಯಾಗಿದೆಯೇ ನೋಡಿಕೊಂಡು ವಾಪಸ್ ಬರುತ್ತಾರೆ.